ಅತ್ತೆ ಕುಡಿಯದ ಪಂಪಿನ ನೀರು

ಮುಂಬಯಿಯಲ್ಲಿದ್ದುಕೊಂಡೇ ನಾವು ಹಳ್ಳಿಯಲ್ಲಿದ್ದೆವು ಎಂದರೆ ಈಗಿನವರು ನಂಬುವುದಿಲ್ಲ. ಅಜ್ಜಿ ಬಡಾಯಿ ಕೊಚ್ಚುತ್ತಾಳೆ ಎಂದು ನನ್ನ ಮೊಮ್ಮಗಳು ಮುಖಕ್ಕೇ ಹೇಳುತ್ತಾಳೆ. ಮಲಾಡ್ ಸ್ಟೇಷನ್ನಿನ ಹೊರಗೆ ಬಸ್ಸು ಹಿಡಿದು, ಪಶ್ಚಿಮಕ್ಕೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬದಿಯಲ್ಲೇ ಸಾಗಿ, ಕೊನೆಯ ಸ್ಟಾಪಿನಲ್ಲಿ ಇಳಿದರೆ ಅದೇ ನಮ್ಮ ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾಡಿ, ನಡುವೆ ಕೋಲಿ ಮೀನುಗಾರರ ಮನೆಗಳು, ಒಂದಿಷ್ಟು ತರಕಾರಿ ತೋಟ, ತಾಳೆಮರ. ಬಸ್‌ಸ್ಟಾಪಿನ ಎದುರಿಗೇ ನಮ್ಮ ಹೋಟೆಲು. ಹೋಟೆಲು ಎಂದರೆ ಭಾರೀ ಏನಲ್ಲ. ಮುಂದೆ ನಾಲ್ಕು ಬೆಂಚು, ಹಿಂದೆ ಅಡುಗೆಮನೆ, ಅದರ ಹಿಂದೆ ನಾವು ಮಲಗುವ ಕೋಣೆಗಳು, ಹಿತ್ತಲಿನಲ್ಲಿ ಬಾವಿ. ವಾರದ ದಿನ ಬಸ್ಸಿನ ಡ್ರೈವರು ಕಂಡಕ್ಟರುಗಳು ಬರುತ್ತಿದ್ದರು. ಭಾನುವಾರ ಸಮುದ್ರ ನೋಡಲು ಬಂದ ಸಂಸಾರಗಳು ಇಡ್ಲಿ, ಬಟಾಟೆವಡೆ ತಿಂದು ಚಹಾ ಕುಡಿದು ಹೋಗುತ್ತಿದ್ದವು.

ನಾನು ಉಡುಪಿ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಬೊಂಬಾಯಿಯ ಸೊಸೆಯಾಗುತ್ತಾಳೆ, ನಲ್ಲಿ ತಿರುಗಿಸಿದರೆ ನೀರು ಎಂದು ತವರಿನಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು. ಬಂದು ನೋಡಿದರೆ ನಲ್ಲಿಯ ಪೈಪು ಖಾಡಿಯ ಆಚೆಗೇ ನಿಂತುಬಿಟ್ಟಿತ್ತು. ನಕ್ಷೆಯಲ್ಲಿ ನಾವು ಮಹಾನಗರದೊಳಗೆ, ಕೊಡಪಾನದ ವಿಷಯದಲ್ಲಿ ಮಾತ್ರ ಅಪ್ಪಟ ಹಳ್ಳಿ. ಬಾವಿಯ ನೀರು ದೀಪಾವಳಿಯವರೆಗೆ ಸಿಹಿಯಾಗಿರುತ್ತಿತ್ತು. ಹೋಳಿ ಬರುವಷ್ಟರಲ್ಲಿ ಸಮುದ್ರ ಒಳಗೆ ನುಗ್ಗಿ ನೀರು ಉಪ್ಪಾಗುತ್ತಿತ್ತು. ಮೇ ತಿಂಗಳಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ. ಚಹಾಕ್ಕೆ ಉಪ್ಪು ಹಾಕಿದ್ದೀರಾ ಎಂದು ಗಿರಾಕಿಗಳು ಕೇಳಿದರೆ ಇವರು, ಅಂದರೆ ನನ್ನ ಯಜಮಾನರು, ಸಮುದ್ರದ ಗಾಳಿ ಎಂದು ಹೇಳಿ ನಗುತ್ತಿದ್ದರು.

ಆ ಬಾವಿಯ ನೀರನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದವರು ನನ್ನ ಅತ್ತೆ. ಮಾವ ಊರಿನ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಮಗನ ಜೊತೆ ಮುಂಬಯಿಗೆ ಬಂದರೂ ಮಡಿಯನ್ನು ಒಂದು ನೂಲಿನಷ್ಟೂ ಸಡಿಲ ಬಿಟ್ಟಿರಲಿಲ್ಲ. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ತಾವೇ ಬಾವಿಯಿಂದ ನೀರು ಸೇದಬೇಕು, ಇಡ್ಲಿಗೆ ತಾವೇ ರುಬ್ಬಬೇಕು, ಅವರ ಕೊಡಪಾನವನ್ನು ನಾನೂ ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ತಮ್ಮ ತಗಡಿನ ಪೆಟ್ಟಿಗೆಯಿಂದ ಒಂದು ಹಳೆಯ ಕೃಷ್ಣಾಜಿನ ತೆಗೆದು ಬಿಸಿಲಿಗೆ ಹಾಕುತ್ತಿದ್ದರು. ಮಾವ ಜಪಕ್ಕೆ ಕೂರುತ್ತಿದ್ದ ಜಿಂಕೆಯ ಚರ್ಮ ಅದು. ಕಾಗೆ ಹತ್ತಿರ ಬರಬಾರದೆಂದು ಕೋಲು ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದರು. ಮಾವನದೆಂದು ಅವರ ಬಳಿ ಉಳಿದಿದ್ದದ್ದು ಅದೊಂದೇ, ಒಂದು ಫೋಟೋ ಕೂಡ ಇರಲಿಲ್ಲ.

ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಅತ್ತೆಯ ಕಾಲು ಊದತೊಡಗಿತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಮಲಾಡಿನ ಡಾಕ್ಟರು ನೋಡಿ, ಬಿ.ಪಿ. ಬಹಳ ಏರಿದೆ, ಉಪ್ಪು ಬಿಡಬೇಕು ಎಂದರು. ಅತ್ತೆ ಡಾಕ್ಟರ ಮಾತನ್ನು ವ್ರತದ ಹಾಗೆ ಹಿಡಿದರು. ಅನ್ನಕ್ಕೆ, ಸಾರಿಗೆ, ಗಂಜಿಗೆ ಒಂದು ಹರಳು ಉಪ್ಪಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಕಣ್ಣೆತ್ತಿ ನೋಡಲಿಲ್ಲ. ಊಟ ಮುಗಿದ ಮೇಲೆ ಮಾತ್ರ ಹಿತ್ತಲಿನ ಬಾವಿಯ ನೀರು ಎರಡು ಚೊಂಬು. ಡಾಕ್ಟರಿಗೆ ಇದನ್ನು ಹೇಳಿದಾಗ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಇವರನ್ನು ಬದಿಗೆ ಕರೆದು, ಇದೇ ನೀರು ಕುಡಿಯುತ್ತಿದ್ದರೆ ಇನ್ನೊಂದೆರಡು ಬೇಸಿಗೆ ಕಳೆಯುವುದು ಕಷ್ಟ ಎಂದರು. ನನಗೆ ಹೆದರಿಕೆಯಾಯಿತು. ಅತ್ತೆಗೂ ನನಗೂ ದಿನಕ್ಕೊಮ್ಮೆ ಕಿರಿಕಿರಿ ಇರುತ್ತಿತ್ತು, ಅದು ಬೇರೆ ಮಾತು. ಆ ಪರವೂರಿನಲ್ಲಿ ನನಗೆ ಅಮ್ಮ ಎಂದರೆ ಅವರೇ.

ಅದೇ ಬೇಸಿಗೆಯಲ್ಲಿ ಊರಿಗೆ ಒಂದು ಜೀಪು ಬಂತು. ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಒಂದು ಸಂಸ್ಥೆಯವರು. ದೂರದ ಒಣ ಹಳ್ಳಿಗಳಿಗೆ ಕೈಪಂಪು ಹಾಕುವುದು ಅವರ ಕೆಲಸ. ಅದಕ್ಕೆ ಮೊದಲು ಹತ್ತಿರದ ಹಳ್ಳಿಯೊಂದರಲ್ಲಿ ಹಾಕಿ, ಊರವರು ಅದನ್ನು ಹೇಗೆ ನಡೆಸಿಕೊಂಡು ಹೋಗುತ್ತಾರೆ ಎಂದು ನೋಡಬೇಕಿತ್ತು. ಪವಾಯಿಯ ದೊಡ್ಡ ಕಾಲೇಜಿನಲ್ಲಿ ಓದಿದ ಒಬ್ಬ ಎಂಜಿನಿಯರ್ ಹುಡುಗ ಮರಳಿನಲ್ಲಿ ಅಲ್ಲಲ್ಲಿ ಪೈಪು ಇಳಿಸಿ, ನೀರನ್ನು ನಾಲಗೆಯ ಮೇಲಿಟ್ಟು ನೋಡಿ, ಕೊನೆಗೆ ನಮ್ಮ ಹೋಟೆಲಿನ ಮಗ್ಗುಲಲ್ಲೇ ಸಿಹಿನೀರು ಕಂಡುಹಿಡಿದ. ಮರಳಿನಲ್ಲಿ ಮಳೆಯ ನೀರು ಮೇಲೆ ನಿಂತಿರುತ್ತದೆ, ಉಪ್ಪುನೀರು ಅದರ ಕೆಳಗೆ. ಮಧ್ಯಾಹ್ನ ಪಂಪಿಗೆ ರಜೆ ಕೊಡಿ, ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ ಎಂದು ತಿಳಿಸಿ ಹೇಳಿದ. ಒಂದು ವರ್ಷದ ಮೇಲೆ ಬಂದು ನೋಡುತ್ತೇವೆ, ಪಂಪು ಕೆಟ್ಟು ಬಿದ್ದಿದ್ದರೆ ಕಿತ್ತು ಬೇರೆ ಊರಿಗೆ ಒಯ್ಯುತ್ತೇವೆ ಎಂದೂ ಹೇಳಿದ. ಒಳ್ಳೆಯ ಹುಡುಗ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಒಳ್ಳೆಯವನಾಗಿರುತ್ತಿದ್ದ.

ಹಸಿರು ಬಣ್ಣದ ಪಂಪಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ಮೊದಲ ನೀರನ್ನು ವಯಸ್ಸಿಗೆ ಹಿರಿಯರೆಂದು ಅತ್ತೆಯ ಚೊಂಬಿಗೆ ಹಿಡಿದುಕೊಟ್ಟರು. ಅವರು ಅದನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು, ಇನ್ನೇನು ಕುಡಿಯಬೇಕು. ಅಷ್ಟರಲ್ಲಿ ಈ ಮಹಾರಾಯ ಪಂಪಿನ ಒಳಗೆ ಏನಿರುತ್ತದೆ ಎಂದು ಊರವರಿಗೆ ಕಲಿಸಲು ಹೊರಟ. ಒಂದು ಬಿಡಿಭಾಗವನ್ನು ಎತ್ತಿ ಹಿಡಿದು, ಈ ಬಟ್ಟಲಿನಂತಹದ್ದೇ ವಾಷರ್, ಇದು ಮೇಲೆ ಹೋದರೆ ನೀರು ಮೇಲೆ ಬರುತ್ತದೆ, ಇಡೀ ಪಂಪಿನ ಜೀವ ಇದರಲ್ಲಿದೆ, ಎಮ್ಮೆಯ ಚರ್ಮದ್ದು, ಬಹಳ ಗಟ್ಟಿ ಎಂದು ಮರಾಠಿಯಲ್ಲಿ ವಿವರಿಸಿದ. ಅತ್ತೆಗೆ ಮರಾಠಿ ಮಾತಾಡಲು ಬರದಿದ್ದರೂ ಬೇಕಾದಷ್ಟು ಅರ್ಥವಾಗುತ್ತಿತ್ತು. ಚೊಂಬನ್ನು ಅಲ್ಲೇ ಬಗ್ಗಿಸಿ ಒಳಗೆ ಹೋದರು. ಹೋಗಿ ಇನ್ನೊಮ್ಮೆ ಸ್ನಾನ ಮಾಡಿದರು.

ಸಂಜೆ ನಾನು ಸುಮ್ಮನಿರಲಿಲ್ಲ.

"ಅತ್ತೆ, ದೇವಸ್ಥಾನದಲ್ಲಿ ಚೆಂಡೆ ಬಾರಿಸುದಿಲ್ವಾ? ಅದೂ ಚರ್ಮವೇ ಅಲ್ವಾ? ದೇವರಿಗೇ ಆಗ್ತದೆ, ನಿಮಗೆ ಆಗುದಿಲ್ವಾ?"

"ಚೆಂಡೆಯನ್ನು ಯಾರೂ ಕುಡಿಯುದಿಲ್ಲ ಮಾರಾಯ್ತಿ" ಎಂದರು ಅತ್ತೆ, ಬತ್ತಿ ಹೊಸೆಯುತ್ತಲೇ.

ನಾನು ಎದ್ದು ಹೋಗಿ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಊರಿಗೆಲ್ಲ ಸಿಹಿನೀರಾಯಿತು, ನಮ್ಮ ಚಹಾಕ್ಕೆ ಹೆಸರು ಬಂತು, ಅತ್ತೆಯ ಕಾಲು ಮಾತ್ರ ಊದಿಕೊಂಡೇ ಇತ್ತು. ಇವರು ಕೆಲವು ದಿನ ಮಲಾಡಿನ ಪರಿಚಯದವರ ಬಾವಿಯಿಂದ ಹಾಲಿನ ಕ್ಯಾನಿನಲ್ಲಿ ನೀರು ತಂದರು. ಬಸ್ಸಿನಲ್ಲಿ ಅದು ಚೆಲ್ಲಿ, ಜನ ಬೈದು, ಅದೂ ನಿಂತಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ನನ್ನ ನಾದಿನಿ ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದಳು, ಮನೆಯೊಳಗೇ ನಲ್ಲಿ. ಬೇಸಿಗೆ ಕಳೆಯುವವರೆಗೆ ಅತ್ತೆ ಮಗಳ ಮನೆಯಲ್ಲಿರಲಿ ಎಂದು ಮಾತಾಯಿತು. ಅತ್ತೆಯೂ ಒಪ್ಪಿದರು. ಹಾಸಿಗೆ ಸುತ್ತಿ ಇಟ್ಟಾಯಿತು.

ಹೊರಡುವುದಕ್ಕೆ ಮೊದಲೇ ಪಂಪು ಕೆಟ್ಟಿತು. ಒಂದು ಮನೆಯವರು ಬಳಸುವಂತಹ ಪಂಪನ್ನು ಇಡೀ ಊರು ಎಳೆಯುತ್ತಿತ್ತು, ಮರಳು ಬೇರೆ. ಹಿಡಿ ಮೇಲೆ ಕೆಳಗೆ ಆಡುತ್ತದೆ, ನೀರಿಲ್ಲ. ಸಂಸ್ಥೆಗೆ ಇವರು ಕಾರ್ಡು ಬರೆದರು. ಉತ್ತರವೇನೋ ಬಂತು, ಜೀಪು ಬರಲಿಲ್ಲ. ಹಾರ ಹಾಕುವ ದಿನ ಬರುವ ಜೀಪುಗಳು ವಾಷರ್ ಸವೆದ ದಿನ ಬರುವುದಿಲ್ಲ ಎಂಬುದನ್ನು ನಾನು ಆಗ ಕಲಿತೆ. ನಾನೇ ಮಲಾಡ್ ಮಾರ್ಕೆಟ್ಟಿಗೆ ಹೋಗಿ ನಳ ರಿಪೇರಿಯ ಅಂಗಡಿ ಹುಡುಕುತ್ತಿದ್ದಾಗ ಒಬ್ಬರು ಗಿರಾಕಿಯ ಮೇಲೆ ಕನ್ನಡದಲ್ಲಿ ರೇಗುತ್ತಿರುವುದು ಕೇಳಿಸಿತು. ವಿಜಾಪುರ ಕಡೆಯ ಮುಸಲ್ಮಾನರು, ನಳ ರಿಪೇರಿಯ ಮಿಸ್ತ್ರಿ. ಮನೆಯಲ್ಲಿ ದಖನಿ ಉರ್ದು, ನಮ್ಮಂಥವರ ಜೊತೆ ಕನ್ನಡ. ಜಂಬ ಬಹಳ. ತಾವು ಮುಟ್ಟದ ನಳ ಮಲಾಡಿನಲ್ಲೇ ಇಲ್ಲ ಎನ್ನುತ್ತಿದ್ದರು. ಬರುತ್ತೇನೆ ಎಂದು ಹೇಳಿದ ದಿನ ಬರುತ್ತಿರಲಿಲ್ಲ, ಆದರೆ ಬಂದೇ ಬರುತ್ತಿದ್ದರು.

ಮಿಸ್ತ್ರಿ ಬಂದು ಪಂಪಿನ ತಲೆ ಬಿಚ್ಚಿ, ಸವೆದ ವಾಷರ್ ತೆಗೆದು, ಹೊಸದನ್ನು ಕೂರಿಸಿ, ಮೇಲಿನಿಂದ ಒಂದು ಚೊಂಬು ನೀರು ಹೊಯ್ದು ಹಿಡಿ ಒತ್ತಿದರು. ನೀರು ಬಂತು. ಊರವರ ಮುಂದೆ ಅವರ ಎದೆ ಇನ್ನೂ ಉಬ್ಬಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆಯನ್ನು ನೋಡಿ, ಇವರಿಗೆ ಈ ನೀರು ಯಾಕೆ ಬೇಡ ಎಂದು ನನ್ನನ್ನು ಕೇಳಿದರು. ನಾನು ಮೆಲ್ಲಗೆ ಹೇಳಿದೆ. ಅವರು ಮೆಲ್ಲಗೆ ಉತ್ತರಿಸುವ ಜಾತಿಯವರಲ್ಲ.

"ಅಮ್ಮಾರ, ಅದಕ್ಯಾಕ್ ಅಂಜ್ತೀರಿ? ಬೊಂಬಾಯಿದಾಗಿನ ಎಲ್ಲಾ ನಳದಾಗೂ ಚರ್ಮದ್ದ ವಾಷರ್ ಐತ್ರಿ! ದಾದರ, ಮಾಟುಂಗಾ, ಆಂಟಾಪ್ ಹಿಲ್, ಎಲ್ಲಾ ಕಡೆ ನಾನ ನನ್ನ ಕೈಯಾರೆ ಹಾಕೇನ್ರಿ!"

ಅತ್ತೆ ಒಳಗೆ ಹೋಗಿ ಸುತ್ತಿಟ್ಟ ಹಾಸಿಗೆಯ ಹಗ್ಗ ಬಿಚ್ಚಿದರು. ಆಂಟಾಪ್ ಹಿಲ್‌ಗೆ ಹಿಂದೆ ಹೋಗಿದ್ದಾಗಲೆಲ್ಲ ಕುಡಿದ ನೀರು ನೆನಪಾಗಿ ಆ ದಿನ ಊಟವನ್ನೂ ಮಾಡಲಿಲ್ಲ.

"ಮಿಸ್ತ್ರಿ, ನಿಮ್ಮ ಬಾಯಿಗೇ ಒಂದು ವಾಷರ್ ಹಾಕ್ಬೇಕು" ಎಂದೆ ನಾನು. ಅಳು ಬರುವ ಹಾಗಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಅವರ ಮುಖ ಸಣ್ಣದಾಯಿತು. "ತಪ್ಪಾತ್ರಿ ಅಕ್ಕಾರ. ನಮ್ಮ ಬಾಯಿನ ಹಿಂಗ. ಒಂದ್ ಕೆಲಸ ಮಾಡೂಣು. ರಬ್ಬರ್ ಹಾಕ್ತೇನಿ. ಲಾರಿ ಟಯರ್ ಟ್ಯೂಬಿಂದು. ಅದರಾಗ ಚರ್ಮ ಇಲ್ಲ, ಏನಿಲ್ಲ. ನನಗಿಂತ ಹೆಚ್ಚು ಬಾಳಕಿ ಬರ್ತೈತಿ."

ರಬ್ಬರು ಎಂತದರಿಂದ ಮಾಡುವುದು ಎಂದು ಅತ್ತೆ ವಿಚಾರಣೆ ನಡೆಸಿದರು. ಮರದ ಹಾಲು ಎಂದೆ. ನಮ್ಮ ಘಟ್ಟದ ಬುಡದಲ್ಲಿ ರಬ್ಬರಿನ ಮರಗಳನ್ನು ಅವರೂ ಕಂಡಿದ್ದರು. ಹಾಗಾದರೆ ಅಡ್ಡಿ ಇಲ್ಲ ಎಂದರು. ಮಿಸ್ತ್ರಿ ಅವರ ಕಣ್ಣೆದುರಿಗೇ ಚರ್ಮ ತೆಗೆದು ರಬ್ಬರು ಕೂರಿಸಿದರು. ಅತ್ತೆ ಹಿಡಿಯ ಮೇಲೆ, ನೀರು ಬೀಳುವ ಮೂತಿಯ ಮೇಲೆ ಚೊಂಬಿನಿಂದ ನೀರು ಸುರಿದು, ತಾವೇ ಒತ್ತಿ, ಹಿಡಿದು, ಕುಡಿದರು. ಸಿಹಿ ಉಂಟು ಎಂದರು. ಆ ತಿಂಗಳು ಕಳೆಯುವುದರೊಳಗೆ ಕಾಲಿನ ಊತ ಇಳಿಯಿತು. ಹಳೆಯ ಬೆಳ್ಳಿಯ ಕಾಲುಂಗುರದ ಗುರುತು ಬೆರಳಿನಲ್ಲಿ ಮತ್ತೆ ಕಂಡಿತು. ಅಷ್ಟು ಸಂತೋಷ ನನಗೆ ಆ ವರ್ಷ ಬೇರೆ ಯಾವುದರಿಂದಲೂ ಆಗಲಿಲ್ಲ.

ಆದರೆ ಮಿಸ್ತ್ರಿಯ ರಬ್ಬರು ಅವರ ಮಾತಿನಷ್ಟು ಗಟ್ಟಿಯಾಗಿರಲಿಲ್ಲ. ಮರಳು ಅದನ್ನು ಕಚ್ಚಿ ಹರಿಯುತ್ತಿತ್ತು. ಜೋರಾಗಿ ಎಳೆದರೆ ಬಟ್ಟಲು ಒಳಮೈ ಹೊರಗಾಗಿ ಮಗುಚಿಕೊಳ್ಳುತ್ತಿತ್ತು. ಪ್ರತಿ ಸಲ ಮಲಾಡಿಗೆ ಓಡಲಾಗದೆ ನಾನೂ ಪಕ್ಕದ ಮನೆಯ ಮೀನು ಮಾರುವ ಹೆಂಗಸೂ ಪಂಪು ಬಿಚ್ಚಲು ಕಲಿತೆವು. ಆಕೆಯನ್ನು ನಾನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮೀನಿನ ಬುಟ್ಟಿ ಹೊತ್ತ ತೋಳು, ಎಂತಹ ಬಿಗಿದ ನಟ್ಟಾದರೂ ಒಂದೇ ಏಟಿಗೆ ಸಡಿಲ. ನಟ್ಟು ತಿರುಗಿಸುವ ಪಾನಾವನ್ನು ಮಿಸ್ತ್ರಿ ನಮಗೇ ಬಿಟ್ಟುಹೋಗಿದ್ದರು. ಅದು ಹೋಟೆಲಿನ ಗೋಡೆಯಲ್ಲಿ, ದೇವರ ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಯಾರಿಗೆ ಬೇಕಾದರೂ ಕೇಳಿ ಒಯ್ಯಬಹುದು, ತಂದು ಅಲ್ಲೇ ನೇತುಹಾಕಬೇಕು. ಆದರೆ ನಾವು ಎಷ್ಟು ಕಲಿತರೂ ರಬ್ಬರು ಕಲಿಯಲಿಲ್ಲ. ಒಂದು ದಿನ ನೀರು, ಎರಡು ದಿನ ಬರೀ ಗಾಳಿ.

ಮರುವರ್ಷ ಹೋಳಿ ಕಳೆದು ಬಿಸಿಲು ಏರಿದಾಗ ಒಂದು ಬೆಳಿಗ್ಗೆ ಪಂಪಿನೆದುರು ಕೊಡಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ರಬ್ಬರು ಮತ್ತೆ ಮಗುಚಿತ್ತು. ಮಾವಶಿ ಪಾನಾವನ್ನು ನೆಲಕ್ಕೆ ಕುಕ್ಕಿದಳು.

"ಏಕಾ ಮ್ಹಾತಾರೀಸಾಠೀ ಸಗಳ್ಯಾ ಗಾವಾನೇ ಹವಾ ಪ್ಯಾಯಚೀ ಕಾ?"

ಒಬ್ಬ ಮುದುಕಿಗಾಗಿ ಇಡೀ ಊರು ಗಾಳಿ ಕುಡಿಯಬೇಕಾ ಎಂದು. ಉಳಿದ ಹೆಂಗಸರೂ ದನಿಗೂಡಿಸಿದರು. ಸಂಸ್ಥೆಯವರು ಹೇಳಿದ ವರ್ಷ ತುಂಬುತ್ತಾ ಬಂದಿತ್ತು. ಜೀಪು ಬಂದಾಗ ಪಂಪು ಹೀಗೆ ಬಿದ್ದಿದ್ದರೆ ಕಿತ್ತೇ ಒಯ್ಯುತ್ತಾರೆ. ನಾನು ಎದುರುತ್ತರ ಕೊಟ್ಟೆ, ನಿಮ್ಮ ಮನೆಯ ಮುದುಕಿಯಾಗಿದ್ದರೆ ಎಂದೆಲ್ಲ ಕೇಳಿದೆ. ಆದರೆ ಸರಿ ಇದ್ದದ್ದು ಅವರ ಮಾತೇ. ಅದು ಗೊತ್ತಿದ್ದದ್ದರಿಂದಲೇ ನನ್ನ ದನಿ ಅಷ್ಟು ಏರಿತು.

ಅತ್ತೆ ಒಳಗಿನಿಂದ ಬಂದರು. ಹೆಂಗಸರು ಸರಿದು ದಾರಿ ಬಿಟ್ಟರು.

"ಚರ್ಮವೇ ಹಾಕ್ಲಿಕ್ಕೆ ಹೇಳು" ಎಂದರು ನನಗೆ. "ನನ್ನ ಒಬ್ಬಳ ಮಡಿಗೆ ಊರಿಗೆಲ್ಲ ನೀರು ಇಲ್ಲದ ಹಾಗೆ ಆಗ್ಬಾರ್ದು."

"ಮತ್ತೆ ನೀವು?"

"ನಂಗೆ ಬಾವಿ ಉಂಟಲ್ಲ."

ಎಮ್ಮೆಯ ಚರ್ಮ ಬಂತು, ನೀರು ಧಾರೆಯಾಗಿ ಬಂತು. ಅತ್ತೆ ಮತ್ತೆ ಹಿತ್ತಲಿನ ಬಾವಿಗೆ ಹಗ್ಗ ಇಳಿಸಿದರು. ವಾರ ಕಳೆಯುವುದರೊಳಗೆ ಕಾಲು ಊದಿತು. ಈ ಸಲ ಮುಖವೂ ಊದಿತು, ಎರಡು ಹೆಜ್ಜೆ ನಡೆದರೆ ಏದುಸಿರು. ಒಂದು ಮಧ್ಯಾಹ್ನ ಅವರು ಹಗ್ಗ ಎಳೆಯಲಾರದೆ ಬಾವಿಯ ಕಟ್ಟೆಗೆ ಒರಗಿ ನಿಂತದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಸಾಯ್ಲಿಕ್ಕೇ ಮನಸ್ಸಿದ್ರೆ ಹಾಗೇ ಹೇಳಿ ಅತ್ತೆ! ದಿನಾ ಒಂದೊಂದು ಚೊಂಬು ಕುಡಿದು ನಮ್ಮ ಕಣ್ಣೆದುರಿಗೆ ಸಾಯುದು ಬೇಡ. ನಿಮ್ಮ ಮಡಿ ನಿಮ್ಮನ್ನು ತಿಂದ ಮೇಲೆ ಅದನ್ನು ನಾನು ಎಂತ ಮಾಡ್ಲಿ, ಪೆಟ್ಟಿಗೆಯಲ್ಲಿ ಇಟ್ಟು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕ್ಲಾ?"

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನೂ ಹೋಗಿ ಮಾತಾಡಿಸಲಿಲ್ಲ, ಅಷ್ಟು ಹಟ ನನಗೂ ಇತ್ತು.

ಅದಾಗಿ ಕೆಲವು ದಿನಕ್ಕೆ ಮಿಸ್ತ್ರಿ ಬಂದರು. ಜೀಪು ಬರುವ ಮುಂಚೆ ಪಂಪನ್ನೊಮ್ಮೆ ಬಿಚ್ಚಿ ನೋಡಬೇಕೆಂದು ನಾವೇ ಹೇಳಿಕಳಿಸಿದ್ದೆವು. ಬಸ್ಸಿಳಿದು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅತ್ತೆ ಹೋಟೆಲಿನ ಮುಂಭಾಗಕ್ಕೆ ಬರುವವರೇ ಅಲ್ಲ. ಆ ದಿನ ಬಂದರು. ಕೈಯಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು. ಬೆಂಚಿನ ಮೇಲಿಟ್ಟು ಬಿಡಿಸಿದರು. ಕೃಷ್ಣಾಜಿನ.

"ಸಾಯ್ಬ್ರೆ, ಇದ್ರಲ್ಲಿ ಆ ವಾಷರು ಮಾಡ್ಲಿಕ್ಕೆ ಆಗ್ತದಾ?"

ಮಿಸ್ತ್ರಿ ಚಹಾದ ಲೋಟ ಕೆಳಗಿಟ್ಟರು. ಕೈ ಪ್ಯಾಂಟಿಗೆ ಒರೆಸಿಕೊಂಡರು, ಆದರೂ ಮುಟ್ಟಲಿಲ್ಲ. "ಅಮ್ಮಾರ, ಇದು ಪೂಜಾದ್ದಲ್ರೀ? ಬ್ಯಾಡ್ರಿ. ಒಮ್ಮೆ ಕತ್ತರಿ ಬಿತ್ತಂದ್ರ ಮತ್ತ ಜೋಡಸಾಕ ಬರಂಗಿಲ್ಲ."

"ಜಿಂಕೆಯ ಚರ್ಮಕ್ಕೆ ಮೈಲಿಗೆ ಇಲ್ಲ" ಎಂದರು ಅತ್ತೆ. "ಅವರು ಇದ್ರ ಮೇಲೆ ಕೂತೇ ಜಪ ಮಾಡಿದ್ದು."

"ಅತ್ತೆ, ಬೇಡ" ಎಂದೆ ನಾನು. ಬೆಳಗಾಗೆದ್ದು ನೀರು ಕುಡಿಯಿರಿ ಎಂದು ಜಗಳಾಡುತ್ತಿದ್ದವಳು ನಾನೇ. ಈಗ ಬೇಡ ಎನ್ನುತ್ತಿದ್ದವಳೂ ನಾನೇ. ಆ ಚರ್ಮದ ಪಕ್ಕದಲ್ಲಿ ಕೋಲು ಹಿಡಿದು ಅವರು ಕೂರುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತ್ತು.

ಅತ್ತೆ ಅದರ ಕೂದಲಿನ ಮೇಲೆ ಕೈಯಾಡಿಸಿದರು. "ಆ ಜೀಪಿನ ಹುಡುಗ ಚರ್ಮ ಎತ್ತಿ ತೋರಿಸಿದ್ನಲ್ಲ, ಅವತ್ತೇ ನಂಗೆ ಇದು ನೆನಪಾಗಿತ್ತು. ಮನಸ್ಸು ಬರ್ಲಿಲ್ಲ" ಎಂದರು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, "ಅಂಚಿನಿಂದ ತೆಗೀರಿ. ನಡು ಮುಟ್ಬೇಡಿ" ಎಂದರು.

ಅಂದರೆ ಅಷ್ಟು ಕಾಲವೂ ಅವರಿಗೆ ದಾರಿ ಗೊತ್ತಿತ್ತು. ನಾನು ಮಡಿಯ ಹಟ ಎಂದು ಬೈದದ್ದರಲ್ಲಿ ಎಷ್ಟು ಪಾಲು ಮಡಿ, ಎಷ್ಟು ಪಾಲು ಮಾವ ಎಂದು ನನಗೆ ತಿಳಿದಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳುವ ಹಾಗೂ ಇರಲಿಲ್ಲ, ಅತ್ತೆ ಇರುವ ಅಡುಗೆಮನೆಗೆ ಈರುಳ್ಳಿ ಬರುತ್ತಿರಲಿಲ್ಲ, ಅದನ್ನು ಹೊರಗೆ ಹೆಚ್ಚುತ್ತಿದ್ದೆವು.

ಕತ್ತರಿ ಹಾಕುವ ಮೊದಲು ಮಿಸ್ತ್ರಿ ಬಿಸ್ಮಿಲ್ಲಾ ಎಂದರು. ಅತ್ತೆ ಕೃಷ್ಣಾ ಎಂದರು. ಚರ್ಮ ತೆಳ್ಳಗಿತ್ತು, ಎರಡು ಪದರ ಬೇಕಾಯಿತು. ಕೂದಲು ಹೆರೆದು ನೆನೆಹಾಕಬೇಕು, ಆಮೇಲೆ ಎಣ್ಣೆ ಕುಡಿಸಬೇಕು ಎಂದರು ಮಿಸ್ತ್ರಿ. ಅತ್ತೆ ತಮ್ಮ ದೀಪದ ಕೊಬ್ಬರಿ ಎಣ್ಣೆಯನ್ನೇ ಕೊಟ್ಟರು. ಮರದ ಅಚ್ಚಿನಲ್ಲಿ ಒತ್ತಿ ಬಟ್ಟಲಿನ ಆಕಾರ ಬರಿಸಿ, ಹದವಾದ ಮೇಲೆ ಮಿಸ್ತ್ರಿ ಮತ್ತೆ ಬಂದು ಪಂಪಿಗೆ ಕೂರಿಸಿದರು. ಮೂತಿಯಿಂದ ಮೊದಲು ಎಣ್ಣೆಯ ಮಿನುಗು ಬಂತು, ಆಮೇಲೆ ತಿಳಿನೀರು. ಅತ್ತೆ ಚೊಂಬು ಒಡ್ಡಿದರು. ಮಾವಶಿ ಎರಡು ಕೈಯಲ್ಲೂ ಹಿಡಿ ಒತ್ತಿದಳು. ಮೀನಿನ ಕೈ ಎಂದು ಅತ್ತೆ ಆ ದಿನ ಮುಖ ತಿರುಗಿಸಲಿಲ್ಲ.

ಜೀಪು ಬಂದಾಗ ಪಂಪು ನಡೆಯುತ್ತಿತ್ತು. ಎಂಜಿನಿಯರ್ ಹುಡುಗ ಸುತ್ತಲೂ ನೋಡಿದ. ನೀರು ನಿಲ್ಲದಂತೆ ನಾವು ತೋಡಿದ್ದ ಸಣ್ಣ ಕಾಲುವೆ, ಅದರ ಕೊನೆಗೆ ನೆಟ್ಟಿದ್ದ ಬಾಳೆ, ಮಧ್ಯಾಹ್ನ ಹಿಡಿಗೆ ಕಟ್ಟುತ್ತಿದ್ದ ಹಗ್ಗ, ಗೋಡೆಯ ಮೇಲಿನ ಪಾನಾ, ಎಲ್ಲ ನೋಡಿ ಖುಷಿಪಟ್ಟ. ನಮ್ಮ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದ. ದೂರದ ಹಳ್ಳಿಗಳಲ್ಲಿ ಹಾಕಿದ ಪಂಪುಗಳು ಆರು ತಿಂಗಳೂ ನಿಲ್ಲುತ್ತಿಲ್ಲ, ಕೆಟ್ಟರೆ ಯಾರನ್ನು ಕರೆಯಬೇಕೆಂದೇ ಅಲ್ಲಿಯವರಿಗೆ ತಿಳಿಯುವುದಿಲ್ಲ ಎಂದು ಬೇಸರದಿಂದ ಹೇಳಿದ. ಕರೆಯುವುದು ಯಾಕೆ, ಪಾನಾ ಅವರ ಕೈಗೇ ಕೊಡಿ ಎಂದಳು ಮಾವಶಿ. ಒಳಗೆ ಯಾವ ವಾಷರ್ ಹಾಕಿದ್ದೀರಿ ಎಂದು ಆತ ಕೇಳಿದಾಗ ಮಾತ್ರ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯದ್ದು ಎಂದೆ ನಾನು. ಅವನು ಇನ್ನೇನೂ ಕೇಳಲಿಲ್ಲ. ಪಂಪು ನಮ್ಮ ಊರಿನಲ್ಲೇ ಉಳಿಯಿತು.

ಜಿಂಕೆಯ ಚರ್ಮ ಎಮ್ಮೆಯದರಷ್ಟು ಬಾಳುವುದಿಲ್ಲ. ಸವೆದಾಗಲೆಲ್ಲ ಅತ್ತೆ ಪೆಟ್ಟಿಗೆ ತೆಗೆಯುತ್ತಿದ್ದರು, ಮಿಸ್ತ್ರಿ ಅಂಚಿನಿಂದ ಗುಂಡಗೆ ಕತ್ತರಿಸುತ್ತಿದ್ದರು. ಮುಂದಿನ ಬೇಸಿಗೆಯೂ ಹಾಗೇ ಕಳೆಯಿತು. ಡಾಕ್ಟರು ಅತ್ತೆಯ ಕಾಲು ಒತ್ತಿ ನೋಡಿ, ಗುಳಿ ಬೀಳದ್ದನ್ನು ಕಂಡು, ಔಷಧಿ ಕೆಲಸ ಮಾಡಿತು ಎಂದು ಹೇಳಿಕೊಂಡರು. ನಾವು ಹೌದೆಂದೆವು. ಅಷ್ಟರಲ್ಲಿ ಕೃಷ್ಣಾಜಿನದ ಸುತ್ತಲೂ ಕಚ್ಚಿದ ಹಾಗೆ ಆಗಿ, ಉಳಿದದ್ದು ಮಾವ ಕೂರುತ್ತಿದ್ದ ನಡುಭಾಗ ಮಾತ್ರ. ಅಲ್ಲಿ ಕೂದಲು ಸವೆದು ನುಣ್ಣಗಾಗಿತ್ತು.

ಒಂದು ಬೆಳಿಗ್ಗೆ ಪಂಪಿನ ಎಳೆತ ಮತ್ತೆ ಸಡಿಲವಾಯಿತು. ಮಿಸ್ತ್ರಿ ಬಂದು, ಬಿಚ್ಚಿ, ಕೈ ಒರೆಸಿಕೊಂಡು ನಿಂತರು. ಅವರ ಚೀಲದಲ್ಲಿ ಎಮ್ಮೆಯ ಚರ್ಮದ ವಾಷರ್ ಇತ್ತು, ಅದನ್ನು ತೋರಿಸುವ ಧೈರ್ಯ ಅವರಿಗಿರಲಿಲ್ಲ. ಇಷ್ಟೆಲ್ಲ ಆದ ಮೇಲೆ ಅತ್ತೆ ಮತ್ತೆ ಆ ಬಾವಿಗೇ ಹೋಗುತ್ತಾರಲ್ಲ ಎಂಬುದೇ ನನ್ನ ಹೆದರಿಕೆ. ನಡುಭಾಗವಾದರೆ ನಡುಭಾಗ ಎಂದು ನಾನು ಪೆಟ್ಟಿಗೆ ತರಲು ಹೊರಟೆ.

"ಅದು ಇರ್ಲಿ" ಎಂದರು ಅತ್ತೆ. ಮಿಸ್ತ್ರಿಗೆ, "ನಿಮ್ಮ ಚೀಲದಲ್ಲಿ ಉಂಟಲ್ಲ, ಅದನ್ನೇ ಹಾಕಿ" ಎಂದರು.

"ಅಮ್ಮಾರ, ಇದು ಎಮ್ಮಿದ್ರಿ" ಎಂದರು ಮಿಸ್ತ್ರಿ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಗೊತ್ತುಂಟು. ಇಷ್ಟು ದಿನ ಅಲ್ಲಿ ಕೂತದ್ದು ಅವರು. ಅವರು ಕೂತು ಎದ್ದ ಜಾಗದಲ್ಲಿ ಇನ್ನು ಯಾವುದು ಕೂತರೂ ನಂಗೆ ಮಡಿಯೇ."

ಮಿಸ್ತ್ರಿ ವಾಷರ್ ಹಾಕಿ ನಟ್ಟು ಬಿಗಿದರು. ನಾನು ಮೇಲಿನಿಂದ ಚೊಂಬು ನೀರು ಹೊಯ್ದೆ. ಅತ್ತೆ ತಾವೇ ಹಿಡಿ ಒತ್ತಿ, ಲೋಟ ಒಡ್ಡಿ, ಎಲ್ಲರೂ ನೋಡುತ್ತಿದ್ದಂತೆ ಒಂದೇ ಉಸಿರಿಗೆ ಕುಡಿದರು. ಸ್ವಲ್ಪ ಎಣ್ಣೆಯ ವಾಸನೆ ಉಂಟು ಎಂದರು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಲೋಟ ನೀರು ಹಿಡಿ ಎಂದರು.